ಮೊದಲ ಮಹಾಯುದ್ಧದ ಸೈನಿಕರ ಮನಸ್ಸು ಬದಲಾದ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಕಾದಿದ ಸಾಮಾನ್ಯ ಸೈನಿಕರ ಮನೋಭಾವವನ್ನೇ ಕುರಿತಿವೆ. ಒಂದಕ್ಕೆ ಕೊಡುವ ಉತ್ತರ ಇನ್ನೊಂದಕ್ಕೂ ಬೇಕಾಗುವುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: 1914ರಲ್ಲಿ ಯುರೋಪಿನ ತರುಣರು ಹಾಡುತ್ತಾ ಯುದ್ಧಕ್ಕೆ ಹೊರಟರೆಂದೂ 1917ರ ಹೊತ್ತಿಗೆ ಅವರೇ ದಂಗೆ ಎದ್ದರೆಂದೂ ಮಕ್ಕಳಿಗೆ ಪಾಠ ಮಾಡುತ್ತೇನೆ. ನಡುವೆ ಆದದ್ದೇನು? ಮೊದಲಿನ ಆ ಉತ್ಸಾಹ ನಿಜವಾದದ್ದೇ?
(ಪ್ರೌಢಶಾಲಾ ಶಿಕ್ಷಕಿ, ಹಾಸನ)

ಉತ್ತರ: ಉತ್ಸಾಹ ಸುಳ್ಳೇನೂ ಆಗಿರಲಿಲ್ಲ, ಆದರೆ ಅದು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಇರಲಿಲ್ಲ. ಬರ್ಲಿನ್, ಪ್ಯಾರಿಸ್, ಲಂಡನ್ನಿನ ಚೌಕಗಳಲ್ಲಿ ಟೋಪಿ ಹಾರಿಸುತ್ತಿದ್ದ ಜನರ ಛಾಯಾಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಛಾಯಾಚಿತ್ರ ತೆಗೆಯುವವರು ಇದ್ದದ್ದು ನಗರಗಳಲ್ಲಿ. ಹಳ್ಳಿಗಳಲ್ಲಿ ನಡೆದದ್ದನ್ನು ತಿಳಿಯಲು ಫ್ರಾನ್ಸಿನ ಶಾಲಾ ಶಿಕ್ಷಕರು ಸರ್ಕಾರದ ಸೂಚನೆಯಂತೆ ಆಗ ಬರೆದಿಟ್ಟ ಟಿಪ್ಪಣಿಗಳು ಹೆಚ್ಚು ನೆರವಾಗುತ್ತವೆ. ಆಗಸ್ಟ್ 1, ಶನಿವಾರ, ಕೊಯ್ಲಿನ ಕಾಲ. ಸಂಜೆ ನಾಲ್ಕರ ಸುಮಾರಿಗೆ ಚರ್ಚಿನ ಗಂಟೆಗಳು ಒಂದೇ ಸಮನೆ ಬಡಿಯತೊಡಗಿದಾಗ ಎಲ್ಲೋ ಬೆಂಕಿ ಬಿದ್ದಿದೆಯೆಂದು ಭಾವಿಸಿ ಹೊಲ ಬಿಟ್ಟು ಓಡಿ ಬಂದವರಿದ್ದರು. ಸೇನೆಗೆ ಸೇರಬೇಕೆಂಬ ಆಜ್ಞೆಯನ್ನು ಓದಿದ ಮೇಲೆ ಅವರಲ್ಲಿ ಕಂಡದ್ದು ದಿಗ್ಭ್ರಮೆ, ಹೆಂಗಸರ ಅಳು, ಗಂಡಸರ ಮೌನ. ಮೂರು ನಾಲ್ಕು ದಿನಗಳಲ್ಲಿ ಆ ಮೌನ ಗಟ್ಟಿಯಾದ ಒಂದು ನಿರ್ಧಾರವಾಗಿ ಮಾರ್ಪಟ್ಟಿತು: ನಾವಾಗಿ ಬಯಸಿದ ಯುದ್ಧ ಇದಲ್ಲ, ನಮ್ಮ ಮೇಲೆ ಬಂದಿದೆ, ಹೋಗಲೇಬೇಕು. ಜರ್ಮನಿಯ ಸೈನಿಕನೂ ರಷ್ಯನ್ನರು ತನ್ನ ದೇಶದ ಮೇಲೆ ಬೀಳುತ್ತಿದ್ದಾರೆಂದೇ ನಂಬಿ ರೈಲು ಹತ್ತಿದನು. ಎರಡೂ ಕಡೆಯವರು ತಾವು ಮನೆ ಕಾಯಲು ಹೊರಟವರೆಂದು ತಿಳಿದಿದ್ದರೆಂಬುದನ್ನು ಮರೆತರೆ ಮುಂದಿನ ನಾಲ್ಕು ವರ್ಷಗಳ ಸಹನೆ ಅರ್ಥವಾಗುವುದೇ ಇಲ್ಲ.

ಬ್ರಿಟನ್ನಿನಲ್ಲಿ ಆಗ ಕಡ್ಡಾಯ ಸೈನಿಕ ಸೇವೆ ಇರಲಿಲ್ಲವಾದ್ದರಿಂದ ಅಲ್ಲಿ ಸ್ವಯಂಪ್ರೇರಣೆಯಿಂದ ಸೇರಿದವರ ಲೆಕ್ಕ ಸಿಗುತ್ತದೆ. ಜನ ಹೆಚ್ಚಾಗಿ ಮುಗಿಬಿದ್ದದ್ದು ಯುದ್ಧ ಸಾರಿದ ವಾರದಲ್ಲಿ ಆಗಿರದೆ, ಬೆಲ್ಜಿಯಂನ ಮೋನ್ಸ್‌ನಿಂದ ತಮ್ಮ ಸೇನೆ ಹಿಮ್ಮೆಟ್ಟಿದ ಸುದ್ದಿ ಬಂದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ. ಸೆಪ್ಟೆಂಬರ್ 3ರ ಒಂದೇ ದಿನ 33,000ಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಸಂಭ್ರಮಕ್ಕಿಂತ ಆತಂಕವೇ ಅವರನ್ನು ದೂಡಿತೆಂದು ಹೇಳುವುದು ಸತ್ಯಕ್ಕೆ ಹತ್ತಿರ. ಕೆಲಸ ಕಳೆದುಕೊಂಡವರೂ, ಗೆಳೆಯರ ಜೊತೆ ಹೊರಟವರೂ ಅವರಲ್ಲಿ ಬಹಳ ಮಂದಿ ಇದ್ದರು. ಕ್ರಿಸ್‌ಮಸ್ ವೇಳೆಗೆ ಎಲ್ಲ ಮುಗಿದೀತು ಎಂಬ ನಂಬಿಕೆ ಮಾತ್ರ ವ್ಯಾಪಕವಾಗಿತ್ತು.

ಆ ನಂಬಿಕೆ ಬಹುಬೇಗ ಸತ್ತಿತು. 1914ರ ಆಗಸ್ಟ್ 22ರ ಒಂದೇ ದಿನ ಸುಮಾರು 27,000 ಫ್ರೆಂಚ್ ಸೈನಿಕರು ಮಡಿದರು. ನವೆಂಬರ್ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗಡಿಯಿಂದ ಸಮುದ್ರದವರೆಗೆ ಕಂದಕಗಳ ಸಾಲು ತೋಡಿಯಾಗಿತ್ತು. ಇನ್ನು ಮುಂದೆ ಯುದ್ಧವೆಂದರೆ ಕೆಸರು, ಹೇನು, ಇಲಿ, ಮುಳ್ಳುತಂತಿ ಮತ್ತು ಎಲ್ಲಿಂದ ಬಂದಿತೆಂದು ತಿಳಿಯದ ಫಿರಂಗಿಯ ಶೆಲ್ಲು. ಎದುರಾಳಿಯನ್ನು ಕಣ್ಣಾರೆ ಕಾಣದೆ ಸಾಯುವ ಈ ಬಗೆಯೇ ಸೈನಿಕನ ದೃಷ್ಟಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬದಲಾಯಿಸಿತು. ಎದುರು ಕಂದಕದಲ್ಲಿರುವವನೂ ತನ್ನಂತೆಯೇ ನೆನೆಯುತ್ತಿದ್ದಾನೆ, ಹಸಿಯುತ್ತಿದ್ದಾನೆ ಎಂಬ ಅರಿವು ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. 1914ರ ಕ್ರಿಸ್‌ಮಸ್ ದಿನ ಫ್ಲಾಂಡರ್ಸ್‌ನ ಹಲವೆಡೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಕಂದಕದಿಂದ ಮೇಲೆ ಬಂದು ಕೈಕುಲುಕಿ, ಸಿಗರೇಟು ಮತ್ತು ಸಮವಸ್ತ್ರದ ಗುಂಡಿಗಳನ್ನು ಅದಲುಬದಲು ಮಾಡಿಕೊಂಡ ಸಂಗತಿ ಎಲ್ಲರಿಗೂ ಗೊತ್ತು. ಅಷ್ಟಾಗಿ ಪ್ರಚಾರಕ್ಕೆ ಬಾರದ ಇನ್ನೊಂದು ಸಂಗತಿಯೆಂದರೆ, ಆ ದಿನ ಅನೇಕ ಕಡೆ ಅವರು ಮೊದಲು ಮಾಡಿದ ಕೆಲಸ ವಾರಗಟ್ಟಲೆ ನಡುವಿನ ಬಯಲಲ್ಲಿ ಬಿದ್ದಿದ್ದ ತಮ್ಮ ತಮ್ಮ ಹೆಣಗಳನ್ನು ಹೂಳಿದ್ದು. ಮೇಲಧಿಕಾರಿಗಳು ಇಂಥ ಬೆರೆಯುವಿಕೆಯನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಆದರೂ ಸದ್ದಿಲ್ಲದ ಒಪ್ಪಂದಗಳು ಮುಂದುವರಿದವು: ಊಟ ಹೊತ್ತು ತರುವವರ ಮೇಲೆ ಗುಂಡು ಹಾರಿಸದಿರುವುದು, ಎದುರಾಳಿ ತಪ್ಪಿಸಿಕೊಳ್ಳಲೆಂದು ದಿನವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಶೆಲ್ ಎಸೆಯುವುದು. ನೀನು ಬದುಕು, ನನ್ನನ್ನೂ ಬದುಕಲು ಬಿಡು ಎಂಬ ಈ ನಡೆಯನ್ನು ಮುರಿಯಲೆಂದೇ ಸೇನಾಧಿಕಾರಿಗಳು ರಾತ್ರಿ ದಾಳಿಗಳನ್ನು ಹೆಚ್ಚಿಸಿದರು.

1916 ಎರಡನೆಯ ದೊಡ್ಡ ತಿರುವು. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಫ್ರಾನ್ಸಿನಲ್ಲಿ ನಡೆದ ವರ್ಡನ್ ಕದನದಲ್ಲಿ ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಮಂದಿ ಸತ್ತರು. ಜುಲೈ 1ರಂದು ಸೊಮ್ ನದಿಯ ಬಳಿ ಬ್ರಿಟಿಷ್ ಸೇನೆ ಒಂದೇ ದಿನದಲ್ಲಿ 57,470 ಮಂದಿಯನ್ನು ಕಳೆದುಕೊಂಡಿತು. ಅವರಲ್ಲಿ 19,240 ಮಂದಿ ಸತ್ತವರು. ಒಂದೇ ಊರಿನ, ಒಂದೇ ಕಾರ್ಖಾನೆಯ ಗೆಳೆಯರನ್ನು ಒಂದೇ ದಳಕ್ಕೆ ಸೇರಿಸುವ ಪದ್ಧತಿ 1914ರಲ್ಲಿ ಜನರನ್ನು ಸೆಳೆಯಲು ಬಹಳ ಉಪಯೋಗಕ್ಕೆ ಬಂದಿತ್ತು. ಅಂಥ ದಳಗಳಲ್ಲಿ ಒಂದಾದ, ಆಕ್ರಿಂಗ್ಟನ್ ಎಂಬ ಬಟ್ಟೆ ಗಿರಣಿಗಳ ಪಟ್ಟಣದ ದಳದಿಂದ ಅಂದು ಬೆಳಿಗ್ಗೆ ದಾಳಿಗೆ ಹೊರಟ ಸುಮಾರು 700 ಮಂದಿಯಲ್ಲಿ 500ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಒಂದು ಊರಿನ ತರುಣರೆಲ್ಲ ಒಟ್ಟಿಗೆ ಹೋದರೆ ಏನಾಗಬಹುದೆಂಬುದು ಆ ಪಟ್ಟಣದ ಬೀದಿಬೀದಿಗೂ ತಿಳಿಯಿತು. ಆ ವರ್ಷದ ಬಳಿಕ ಬರೆದ ಪತ್ರಗಳಲ್ಲಿ ಗೆಲುವು, ಕೀರ್ತಿ, ಸಾಹಸ ಎಂಬ ಮಾತುಗಳು ವಿರಳವಾಗುತ್ತವೆ. ರಜೆ, ಊಟ, ಚಳಿ, ಯಾರು ಉಳಿದರು, ಇದು ಯಾವಾಗ ಮುಗಿಯುತ್ತದೆ ಎಂಬ ಮಾತುಗಳು ಹೆಚ್ಚುತ್ತವೆ.

ಪ್ರಶ್ನೆ: ಇಷ್ಟೊಂದು ಬೇಸತ್ತಿದ್ದರೆ ಅವರೆಲ್ಲ ಬಂದೂಕು ಕೆಳಗಿಟ್ಟು ಮನೆಗೆ ಹೋಗಬಹುದಿತ್ತಲ್ಲವೇ? ನಾಲ್ಕು ವರ್ಷ ಏಕೆ ಕಾದಿದರು?
(ನಿವೃತ್ತ ಬ್ಯಾಂಕ್ ನೌಕರರು, ಧಾರವಾಡ)

ಉತ್ತರ: ತಮ್ಮ ಪ್ರಶ್ನೆಗೆ ಶಿಕ್ಷೆಯ ಭಯ ಎಂಬ ಉತ್ತರ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದರಲ್ಲಿ ಸತ್ಯಾಂಶವಿದೆ. ಸೇನೆ ಬಿಟ್ಟು ಓಡಿದ್ದಕ್ಕೆ, ಹೇಡಿತನಕ್ಕೆ ಮತ್ತು ಅಂಥ ಇತರ ಅಪರಾಧಗಳಿಗೆ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದ 306 ಸೈನಿಕರಿಗೆ 2006ರಲ್ಲಿ ಕ್ಷಮೆ ದೊರೆಯಿತು. ಅವರಲ್ಲಿ ಕೆಲವರು ಶೆಲ್ ಆಘಾತದಿಂದ ಮನಸ್ಸು ಕೆಟ್ಟವರಾಗಿದ್ದರೆಂದು ಇಂದು ನಾವು ನಿಸ್ಸಂಶಯವಾಗಿ ಹೇಳಬಹುದು. ಆದರೆ ಲಕ್ಷಾಂತರ ಜನರನ್ನು ಭಯವೊಂದರಿಂದಲೇ ವರ್ಷಗಟ್ಟಲೆ ಹಿಡಿದಿಡುವುದು ಯಾವ ಸೇನೆಗೂ ಸಾಧ್ಯವಿಲ್ಲ. ಅವರನ್ನು ಹಿಡಿದಿಟ್ಟದ್ದರಲ್ಲಿ ಸಣ್ಣ ಸಂಗತಿಗಳೇ ಹೆಚ್ಚು. ಬ್ರಿಟಿಷ್ ದಳವೊಂದು ಕೆಲವು ದಿನ ಮುಂಚೂಣಿ ಕಂದಕದಲ್ಲಿದ್ದರೆ ಆಮೇಲೆ ಹಿಂದಿನ ಸಾಲಿಗೆ, ಅಲ್ಲಿಂದ ವಿಶ್ರಾಂತಿಗೆ ಸರಿಯುತ್ತಿತ್ತು. ಮುಂಜಾನೆಯ ರಮ್, ಬಿಸಿ ಊಟ, ಮನೆಯಿಂದ ಬಂದ ಪೊಟ್ಟಣ ಇವೆಲ್ಲ ಇದ್ದವು. ಯುದ್ಧದ ಉತ್ತುಂಗದಲ್ಲಿ ಬ್ರಿಟಿಷ್ ಅಂಚೆ ವಾರಕ್ಕೆ 1.2 ಕೋಟಿಯಷ್ಟು ಪತ್ರಗಳನ್ನು ಸೈನಿಕರಿಗೆ ತಲುಪಿಸುತ್ತಿತ್ತು. ಬರೆಯಲು ಪುರುಸೊತ್ತಿಲ್ಲದವನಿಗೆ ಮುದ್ರಿತ ಕಾರ್ಡ್ ಕೊಡುತ್ತಿದ್ದರು. ಚೆನ್ನಾಗಿದ್ದೇನೆ, ಆಸ್ಪತ್ರೆಯಲ್ಲಿದ್ದೇನೆ, ನಿಮ್ಮ ಪತ್ರ ಬಂತು ಎಂಬ ಸಾಲುಗಳಲ್ಲಿ ಬೇಡವಾದದ್ದನ್ನು ಹೊಡೆದುಹಾಕಿ ಸಹಿ ಮಾಡಿದರೆ ಆಯಿತು. ಒಂದು ಪದ ಹೆಚ್ಚಿಗೆ ಬರೆದರೂ ಕಾರ್ಡ್ ನಾಶವಾಗುತ್ತದೆಂಬ ಎಚ್ಚರಿಕೆಯೂ ಅದರಲ್ಲೇ ಅಚ್ಚಾಗಿತ್ತು. ಅಷ್ಟು ಬಡಕಲು ಸಂದೇಶಕ್ಕಾಗಿಯೂ ಮನೆಗಳಲ್ಲಿ ಜನ ಜೀವ ಹಿಡಿದು ಕಾಯುತ್ತಿದ್ದರು.

ಎಲ್ಲಕ್ಕಿಂತ ಗಟ್ಟಿಯಾದ ನಂಟು ಪಕ್ಕದಲ್ಲಿ ನಿಂತವನದು. ಸಿಗ್‌ಫ್ರೀಡ್ ಸಸೂನ್ ಎಂಬ ಬ್ರಿಟಿಷ್ ಅಧಿಕಾರಿಯ ಉದಾಹರಣೆ ನೋಡಿ. ಶೌರ್ಯ ಪದಕ ಪಡೆದಿದ್ದ ಈತ, ಯುದ್ಧವನ್ನು ನಿಲ್ಲಿಸಬಲ್ಲವರೇ ಬೇಕೆಂದು ಅದನ್ನು ಬೆಳೆಸುತ್ತಿದ್ದಾರೆಂಬ ಬಹಿರಂಗ ಹೇಳಿಕೆ ಬರೆದನು. 1917ರ ಜುಲೈಯಲ್ಲಿ ಅದನ್ನು ಪಾರ್ಲಿಮೆಂಟಿನಲ್ಲೇ ಓದಲಾಯಿತು. ಸೇನೆ ಆತನನ್ನು ವಿಚಾರಣೆಗೆ ಒಳಪಡಿಸದೆ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದಕ್ಕೆ ಕಳಿಸಿತು. ಅಲ್ಲಿ ಆತನಿಗೆ ಚಿಕಿತ್ಸೆ ನೀಡಿದ ವೈದ್ಯ ರಿವರ್ಸ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು ತೋಡರ ಬದುಕನ್ನು ಅಧ್ಯಯನ ಮಾಡಿದ್ದ ಅದೇ ವಿದ್ವಾಂಸರು. ಸಸೂನ್ ತನ್ನ ಅಭಿಪ್ರಾಯವನ್ನು ಬಿಡಲಿಲ್ಲ, ಆದರೂ ಮರಳಿ ರಣರಂಗಕ್ಕೆ ಹೋದನು, 1918ರಲ್ಲಿ ಮತ್ತೆ ಗಾಯಗೊಂಡನು. ಯುದ್ಧ ತಪ್ಪೆಂದು ತಿಳಿದೂ ತನ್ನ ಕೈಕೆಳಗಿನವರನ್ನು ಬಿಟ್ಟು ಸುರಕ್ಷಿತವಾಗಿ ಕೂರಲು ಆತನಿಗಾಗಲಿಲ್ಲ. ಹೆಸರಿಲ್ಲದ ಸಾವಿರಾರು ಸೈನಿಕರ ಮನಸ್ಸಿನಲ್ಲಿಯೂ ಇದೇ ಇಬ್ಬಗೆಯಿತ್ತು ಎಂಬುದು ನಮ್ಮ ತಿಳಿವಳಿಕೆ.

ಹಾಗಾದರೆ ದಂಗೆಗಳು? 1917ರ ಏಪ್ರಿಲ್ 16ರಂದು ಜನರಲ್ ನಿವೆಲ್ 48 ಗಂಟೆಗಳಲ್ಲಿ ಶತ್ರುಸಾಲನ್ನು ಭೇದಿಸುವೆನೆಂದು ಮಾತು ಕೊಟ್ಟು ಆರಂಭಿಸಿದ ದಾಳಿ ಭಾರಿ ಸಾವುನೋವಿನಲ್ಲಿ ವಿಫಲವಾದಾಗ, ಫ್ರೆಂಚ್ ಸೇನೆಯ ಹೆಚ್ಚುಕಡಿಮೆ ಅರ್ಧದಷ್ಟು ಡಿವಿಷನ್‌ಗಳಲ್ಲಿ (ಸಾವಿರಾರು ಸೈನಿಕರ ದೊಡ್ಡ ತುಕಡಿಗಳಲ್ಲಿ) ಅವಿಧೇಯತೆ ಕಾಣಿಸಿಕೊಂಡಿತು. ಕುರಿಗಳಂತೆ ತಮ್ಮನ್ನು ಕಡಿಯಲು ಒಯ್ಯುತ್ತಿದ್ದಾರೆಂದು ಸೂಚಿಸಲು ಮುಂಚೂಣಿಗೆ ನಡೆಯುತ್ತಾ ಕುರಿಯಂತೆ ಕೂಗಿದ ದಳಗಳಿದ್ದುವೆಂದು ವರದಿಯಾಗಿದೆ. ಆ ಸೈನಿಕರಲ್ಲಿ ಬಹುಪಾಲು ಮಂದಿ ಮನೆಗೆ ಓಡಲಿಲ್ಲ, ಕಂದಕ ಬಿಟ್ಟು ಶತ್ರುವಿಗೆ ದಾರಿ ಮಾಡಿಕೊಡಲೂ ಇಲ್ಲ. ಇರುವ ನೆಲ ಕಾಯುತ್ತೇವೆ, ಆದರೆ ಪ್ರಯೋಜನವಿಲ್ಲದ ದಾಳಿಗೆ ಹೋಗಲಾರೆವು ಎಂಬುದೇ ಅವರ ಮಾತಾಗಿತ್ತು. ಜೊತೆಗೆ ರಜೆ ಕೊಡಿ, ತಿನ್ನಬಹುದಾದ ಊಟ ಕೊಡಿ ಎಂದರು. ಹೊಸ ಸೇನಾಪತಿ ಪೆತಾಂ 500ಕ್ಕೂ ಹೆಚ್ಚು ಮರಣದಂಡನೆಗಳ ಪೈಕಿ 50ಕ್ಕಿಂತ ಕಡಿಮೆ ಮಾತ್ರ ಜಾರಿಯಾಗುವ ಹಾಗೆ ನೋಡಿಕೊಂಡು, ರಜೆಯನ್ನು ನಿಯಮಿತಗೊಳಿಸಿ, ದೊಡ್ಡ ದಾಳಿಗಳನ್ನು ತಡೆಹಿಡಿದನು. ಆ ಸೇನೆ ಮತ್ತೆ ನಿಂತಿತು. ಆದ್ದರಿಂದ ಅದನ್ನು ದಂಗೆಯೆನ್ನುವುದಕ್ಕಿಂತ ಮುಷ್ಕರವೆನ್ನುವುದು ಹೆಚ್ಚು ಒಪ್ಪುತ್ತದೆ. ತಾವು ಏನನ್ನು ಸಹಿಸುತ್ತೇವೆ, ಏನನ್ನು ಸಹಿಸುವುದಿಲ್ಲ ಎಂದು ಸಮವಸ್ತ್ರ ತೊಟ್ಟ ನಾಗರಿಕರು ತಮ್ಮ ಸರ್ಕಾರಕ್ಕೆ ಹೇಳಿದ್ದರು. ನಮ್ಮ ಅಭಿಪ್ರಾಯದಲ್ಲಿ ನಾಲ್ಕೂ ವರ್ಷಗಳ ಬದಲಾವಣೆಯ ತಿರುಳು ಇಲ್ಲಿದೆ. 1914ರ ಸೈನಿಕ ಹೇಳಿದ್ದಕ್ಕೆಲ್ಲ ಒಪ್ಪಿದ್ದನು, 1917ರವನು ಷರತ್ತಿನ ಮೇಲೆ ಒಪ್ಪುತ್ತಿದ್ದನು.

ಆ ಷರತ್ತನ್ನು ಕೇಳಿಸಿಕೊಳ್ಳದ ಕಡೆ ಸೇನೆಗಳು ಕುಸಿದವು. ರಷ್ಯಾದ ಸೈನಿಕ ಮೂಲತಃ ರೈತ. 1917ರ ಕ್ರಾಂತಿಯ ಬಳಿಕ ಊರಿನಲ್ಲಿ ಜಮೀನು ಹಂಚಿಕೆಯಾಗುತ್ತದೆ ಎಂಬ ಸುದ್ದಿ ಬಂದಾಗ, ಕೆರೆನ್‌ಸ್ಕಿ ಯುದ್ಧಮಂತ್ರಿಯಾಗಿದ್ದ ತಾತ್ಕಾಲಿಕ ಸರ್ಕಾರ ಅವನನ್ನು ಮತ್ತೊಂದು ದಾಳಿಗೆ ಕಳಿಸಿತು. ಅದು ವಿಫಲವಾದ ಮೇಲೆ ಅವನು ಊರಿನ ದಾರಿ ಹಿಡಿದನು. ಜರ್ಮನಿಯದು ಇನ್ನಷ್ಟು ನಿಧಾನವಾದ ಕುಸಿತ. ಬ್ರಿಟಿಷ್ ನೌಕಾಪಡೆಯ ದಿಗ್ಬಂಧನದಿಂದ ಆಹಾರವಿಲ್ಲದೆ ಹೆಂಡತಿ ಮಕ್ಕಳು ಟರ್ನಿಪ್ ಗಡ್ಡೆ ತಿಂದು ಚಳಿಗಾಲ ಕಳೆದ ಸುದ್ದಿ ಮನೆಯ ಪತ್ರಗಳಲ್ಲಿ ಬರುತ್ತಲೇ ಇತ್ತು. 1918ರ ಮಾರ್ಚ್ 21ರಂದು ಕೊನೆಯ ದೊಡ್ಡ ದಾಳಿ ಆರಂಭವಾದಾಗ ಇದರಿಂದ ಯುದ್ಧ ಮುಗಿಯುತ್ತದೆಂಬ ಆಸೆಯಿಂದ ಜರ್ಮನ್ ಸೈನಿಕರು ಹುರುಪಿನಿಂದಲೇ ಹೋದರು. ಆದರೆ ಆಲ್ಬರ್ಟ್ ಎಂಬ ಪಟ್ಟಣವನ್ನು ಹಿಡಿದಾಗ, ಬ್ರಿಟಿಷರ ಉಗ್ರಾಣಗಳಲ್ಲಿ ತಾವು ವರ್ಷಗಟ್ಟಲೆ ಕಾಣದಿದ್ದ ತಿನಿಸು, ಮದ್ಯವನ್ನು ಕಂಡು ಮುನ್ನಡೆಯುವುದನ್ನೇ ಮರೆತು ಅಲ್ಲಿಯೇ ನಿಂತವರು ಬಹಳ. ಶತ್ರುವೂ ನಮ್ಮಂತೆ ಹಸಿದಿದ್ದಾನೆಂದು ಅವರಿಗೆ ಹೇಳಿಕೊಂಡು ಬಂದದ್ದು ಸುಳ್ಳೆಂದು ಆ ಉಗ್ರಾಣಗಳೇ ತೋರಿಸಿಕೊಟ್ಟವು. ಆಗಸ್ಟ್ 8ರ ಸೋಲಿನ ದಿನ, ಕಾದಲು ಮುಂದೆ ಬರುತ್ತಿದ್ದ ತಾಜಾ ದಳಗಳನ್ನು ಹಿಂದಿರುಗುತ್ತಿದ್ದ ಸೈನಿಕರು ಮುಷ್ಕರ ಮುರಿಯುವವರೆಂದು ಹೀಯಾಳಿಸಿದರು. ಅಲ್ಲಿಂದ ಯುದ್ಧವಿರಾಮದವರೆಗೆ 3 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಸೆರೆಯಾದರು.

ಪ್ರಶ್ನೆ: ತಮ್ಮದಲ್ಲದ ದೇಶಕ್ಕಾಗಿ ಕಾದಿದ ಭಾರತೀಯ ಸಿಪಾಯಿಗಳು ಈ ಯುದ್ಧದ ಬಗ್ಗೆ ಏನೆಂದುಕೊಂಡಿದ್ದರು?
(ಸೈನಿಕ ಕುಟುಂಬದ ಓದುಗರು, ಮಡಿಕೇರಿ)

ಉತ್ತರ: ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು, ಸುಮಾರು 74,000 ಮಂದಿ ಮರಳಲಿಲ್ಲ. ಫ್ರಾನ್ಸಿನಲ್ಲಿದ್ದವರ ಪತ್ರಗಳನ್ನು ಸೆನ್ಸಾರ್ ಅಧಿಕಾರಿಗಳು ಓದಿ, ಅನುವಾದಿಸಿ, ವರದಿ ಮಾಡುತ್ತಿದ್ದರು. ಆ ವರದಿಗಳು ಉಳಿದಿರುವುದರಿಂದಲೇ ಓದುಬರಹ ಬಾರದ ರೈತಮಕ್ಕಳ ಮಾತು ಇಂದು ನಮಗೆ ಸಿಗುತ್ತದೆ. ಪತ್ರವನ್ನು ಇನ್ನೊಬ್ಬರಿಂದ ಬರೆಸಬೇಕಾಗಿತ್ತು, ಊರಿನಲ್ಲಿ ಇನ್ನೊಬ್ಬರು ಓದಿ ಹೇಳಬೇಕಾಗಿತ್ತು, ನಡುವೆ ಸರ್ಕಾರವೂ ಓದುತ್ತದೆಂದು ಗೊತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವನ್ನು ಓದಬೇಕು.

1914ರ ಸೆಪ್ಟೆಂಬರ್ ಕೊನೆಗೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಸಿಪಾಯಿಗೆ ತಿಂಗಳಿಗೆ 11 ರೂಪಾಯಿ ಸಂಬಳ, ಮೈಮೇಲೆ ಹತ್ತಿಯ ಸಮವಸ್ತ್ರ, ಮನಸ್ಸಿನಲ್ಲಿ ಉಪ್ಪಿನ ಋಣ ಮತ್ತು ಮನೆತನದ ಮಾನ. ಒಂದು ತಿಂಗಳಾಗುವಷ್ಟರಲ್ಲಿ ಅವನು ಬೆಲ್ಜಿಯಂನ ಇಪ್ರೆಯ ಕಂದಕದಲ್ಲಿದ್ದನು. 1915ರ ಜನವರಿ ಹೊತ್ತಿಗೆ ಗಾಯಾಳುವೊಬ್ಬನು ಇದು ಯುದ್ಧವಲ್ಲ, ಲೋಕದ ಅಂತ್ಯ ಎಂದು ಬರೆಸಿದನು. ಮಹಾಭಾರತವನ್ನು ನೆನೆದವರೂ ಇದ್ದರು. ಮಾರ್ಚ್‌ನಲ್ಲಿ ನವ್‌ ಶಾಪೆಲ್ ಕದನದಲ್ಲಿ ಭಾರತೀಯ ಪಡೆಗೆ ಸುಮಾರು 4,200 ಮಂದಿಯ ಸಾವುನೋವಾಯಿತು. ಬಳಿಕ ಪತ್ರಗಳ ಧಾಟಿ ಮತ್ತೆ ಬದಲಾಗುತ್ತದೆ. ಸೆನ್ಸಾರನ್ನು ತಪ್ಪಿಸಲು ಒಬ್ಬನು ಕರಿಮೆಣಸು ಮುಗಿದುಹೋಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂದು ಬರೆಯುತ್ತಾನೆ. ಕರಿಮೆಣಸೆಂದರೆ ಭಾರತೀಯ ಸೈನಿಕರು, ಕೆಂಪು ಮೆಣಸೆಂದರೆ ಬಿಳಿಯರು ಎಂಬುದನ್ನು ಅಧಿಕಾರಿಗಳು ಪತ್ತೆಹಚ್ಚದೆ ಇರಲಿಲ್ಲ. ತಮ್ಮನನ್ನು ಸೇನೆಗೆ ಸೇರಿಸಬೇಡಿರೆಂದು ಮನೆಗೆ ತಿಳಿಸಿದವರಿದ್ದರು. ಗಾಯ ಮಾಯುತ್ತಲೇ ಮತ್ತೆ ಮುಂಚೂಣಿಗೆ ಕಳಿಸುತ್ತಿದ್ದುದು ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕೆರಳಿಸಿತು; ಒಮ್ಮೆ ರಕ್ತ ಸುರಿಸಿದವನು ಋಣ ತೀರಿಸಿದವನೆಂಬುದು ಅವರ ನ್ಯಾಯವಾಗಿತ್ತು. ಆ ನ್ಯಾಯದಲ್ಲಿ ತಪ್ಪೇನೂ ಇರಲಿಲ್ಲ.

ಅದೇ ಪತ್ರಗಳಲ್ಲಿ ಹೊಸ ಆಲೋಚನೆಗಳೂ ಹುಟ್ಟುತ್ತವೆ. ಗಂಡಸರೆಲ್ಲ ಯುದ್ಧಕ್ಕೆ ಹೋದ ಫ್ರೆಂಚ್ ಹಳ್ಳಿಗಳಲ್ಲಿ ಹೆಂಗಸರೇ ಉಳುಮೆ, ಲೆಕ್ಕಪತ್ರ ನಡೆಸುತ್ತಿರುವುದನ್ನು ಕಂಡ ಸಿಪಾಯಿಗಳು, ನಮ್ಮ ಹೆಣ್ಣುಮಕ್ಕಳನ್ನೂ ಓದಿಸಿರೆಂದು ಊರಿಗೆ ಬರೆಸಿದರು. 1915ರ ಕೊನೆಗೆ ಭಾರತೀಯ ಪದಾತಿ ಪಡೆಯನ್ನು ಫ್ರಾನ್ಸಿನಿಂದ ಮೆಸೊಪೊಟೇಮಿಯಾಕ್ಕೆ (ಇಂದಿನ ಇರಾಕಿಗೆ) ಕಳಿಸಿದಾಗ, ತುರ್ಕಿಯ ವಿರುದ್ಧ ಕಾದಬೇಕಾಗಿ ಬಂದ ಮುಸ್ಲಿಂ ಸೈನಿಕರಿಗೆ ತಮ್ಮ ಧರ್ಮದ ಖಲೀಫನೂ ಆಗಿದ್ದ ತುರ್ಕಿಯ ಸುಲ್ತಾನನ ಮೇಲಿನ ಭಕ್ತಿಯ ಪ್ರಶ್ನೆ ಎದುರಾಯಿತು. ಬಹುಪಾಲು ಮಂದಿ ಸೇವೆಯಲ್ಲಿ ಮುಂದುವರಿದರು, ಆದರೆ ಮನಸ್ಸಿನ ಭಾರ ಕಡಿಮೆಯಿರಲಿಲ್ಲ. 1917, 1918ರಲ್ಲಿ ಪಂಜಾಬಿನ ಹಳ್ಳಿಗಳಲ್ಲಿ ನೇಮಕಾತಿ ಬಲವಂತಕ್ಕೆ ತಿರುಗಿದ್ದು, ಅದರ ಬೆನ್ನಿಗೇ 1919ರಲ್ಲಿ ರೌಲತ್ ಕಾಯಿದೆ ಮತ್ತು ಏಪ್ರಿಲ್ 13ರ ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ಬಂದದ್ದು, ಮರಳಿದ ಸೈನಿಕರ ಊರುಗಳಲ್ಲಿಯೇ ಆಳವಾದ ಕಹಿಯನ್ನು ಉಳಿಸಿತು.

ಪ್ರಶ್ನೆ: ಹೈಫಾದಲ್ಲಿ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರಿಗೂ ಇಂಥದ್ದೇ ಅನುಭವವಾಯಿತೇ?
(ಕಾಲೇಜು ವಿದ್ಯಾರ್ಥಿ, ಮೈಸೂರು)

ಉತ್ತರ: ಅವರ ಯುದ್ಧದ ಸ್ವರೂಪವೇ ಬೇರೆಯಾಗಿತ್ತು. ಮೈಸೂರು ಲ್ಯಾನ್ಸರ್ಸ್ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದ ಕುದುರೆ ಪಡೆ. ಸಂಸ್ಥಾನವು ಯುದ್ಧಕ್ಕೆ 50 ಲಕ್ಷ ರೂಪಾಯಿಗಳನ್ನೂ ನೀಡಿತ್ತು. ಜೋಧ್‌ಪುರ ಮತ್ತು ಹೈದರಾಬಾದ್ ಪಡೆಗಳ ಜೊತೆ ಒಂದೇ ಬ್ರಿಗೇಡಿನಲ್ಲಿದ್ದ ಇವರು ಮೊದಲು ಸೂಯೆಜ್ ಕಾಲುವೆಯನ್ನು ಕಾದರು. ಅದು ಕಾವಲಿನ ಕೆಲಸವಾಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರು ತುರ್ಕರ ವಶದಲ್ಲಿದ್ದ, ಇಂದು ಇಸ್ರೇಲಿನಲ್ಲಿರುವ ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳ ಮೇಲೆ ದಾಳಿ ಮಾಡಿದರು. ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೆ ಕಾದಿದರು. ಕೆಲವೇ ದಿನಗಳಲ್ಲಿ ತುರ್ಕಿಯೊಡನೆ ಯುದ್ಧವಿರಾಮವಾಯಿತು. ಫ್ರಾನ್ಸಿನ ಸಿಪಾಯಿ ಒಂದೇ ಕಂದಕದಲ್ಲಿ ತಿಂಗಳುಗಟ್ಟಲೆ ಕೊಳೆತರೆ, ಇವರು ಕೊನೆಯ ಎರಡು ತಿಂಗಳಲ್ಲಿ ನೂರಾರು ಮೈಲಿ ಕುದುರೆಯ ಮೇಲೆ ಮುನ್ನಡೆದು ಗೆಲುವನ್ನು ಕಣ್ಣಾರೆ ಕಂಡರು. ತಮ್ಮ ಅರಸರ ಪಡೆಯೆಂಬ ಹೆಮ್ಮೆಯನ್ನು ಕಂದಕದ ಯುದ್ಧ ಸವೆಸುವ ಸಂದರ್ಭ ಇವರಿಗೆ ಒದಗಲಿಲ್ಲ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಈ ಮೂರು ಪಡೆಗಳಿಗೆ ಸಲ್ಲುತ್ತವೆ, ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ತಾವು ಒಮ್ಮೆ ನೋಡಬೇಕು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಸೈನಿಕರ ಅಭಿಪ್ರಾಯ ಹಾಗೆಯೇ ಉಳಿಯಿತೇ?
(ಗೃಹಿಣಿ, ಉಡುಪಿ)

ಉತ್ತರ: ಉಳಿಯಲಿಲ್ಲ. ಬ್ರಿಟನ್ನಿನಲ್ಲಿ 1920ರ ದಶಕದ ಆರಂಭದಲ್ಲಿ ಮಾಜಿ ಸೈನಿಕರು ವರ್ಷಕ್ಕೊಮ್ಮೆ ಕೂಡಿ ತಮ್ಮ ದಳದ ನೆನಪುಗಳನ್ನು ಹೆಮ್ಮೆಯಿಂದಲೇ ಹಂಚಿಕೊಳ್ಳುತ್ತಿದ್ದರು. ಯುದ್ಧವೆಲ್ಲ ವ್ಯರ್ಥವೆಂಬ ಧಾಟಿಯ ಪುಸ್ತಕಗಳು ಸಾಲುಸಾಲಾಗಿ ಬಂದದ್ದು 1928ರಿಂದ 1930ರ ನಡುವೆ. ಅಷ್ಟರಲ್ಲಿ ನಿರುದ್ಯೋಗವೂ ಈಡೇರದ ಭರವಸೆಗಳೂ ಹಳೆಯ ನೆನಪಿನೊಡನೆ ಬೆರೆತಿದ್ದವು. ಹತ್ತು ವರ್ಷಗಳ ಬಳಿಕ ಬರೆದ ಆತ್ಮಕಥೆಯನ್ನು ಕಂದಕದಲ್ಲಿದ್ದಾಗ ಬರೆದ ಪತ್ರದ ಪಕ್ಕದಲ್ಲಿಟ್ಟು ಓದಬೇಕಾದದ್ದು ಇದಕ್ಕಾಗಿಯೇ. ಜರ್ಮನಿಯ ಮಾಜಿ ಸೈನಿಕರೆಲ್ಲ ಸೇಡಿಗಾಗಿ ಹಾತೊರೆಯುತ್ತಿದ್ದರೆಂಬ ನಂಬಿಕೆಯೂ ಸರಿಯಲ್ಲ. ಯುದ್ಧದ ಬಳಿಕ ಜರ್ಮನಿಯಲ್ಲಿ ಬಂದ ಗಣರಾಜ್ಯವನ್ನು ಕಾಯಲೆಂದು 1924ರಲ್ಲಿ ಹುಟ್ಟಿದ ರೈಖ್ಸ್‌ಬಾನರ್ ಸಂಘದಲ್ಲಿ, ಬಲಪಂಥೀಯ ಸ್ಟಾಲ್‌ಹೆಲ್ಮ್ ಸಂಘಕ್ಕಿಂತ ಹೆಚ್ಚು ಸದಸ್ಯರಿದ್ದರು. ಫ್ರಾನ್ಸಿನ ಮಾಜಿ ಸೈನಿಕರು ಇನ್ನೂ ಸ್ಪಷ್ಟವಾಗಿ ಮಾತಾಡಿದರು: ಯುದ್ಧವಿರಾಮದ ದಿನವಾದ ನವೆಂಬರ್ 11ರ ಆಚರಣೆಯನ್ನು ಅನುಕೂಲಕ್ಕೆಂದು ಹತ್ತಿರದ ಭಾನುವಾರಕ್ಕೆ ಸರಿಸಲು ಸರ್ಕಾರ ಹೊರಟಾಗ ಅವರು ಪಟ್ಟು ಹಿಡಿದು 1922ರಲ್ಲಿ ಅದೇ ದಿನವನ್ನು ರಜಾದಿನವಾಗಿಸಿಕೊಂಡರು, ಅಂದು ಆಯುಧಗಳ ಪ್ರದರ್ಶನವಾಗಲಿ ವಿಜಯೋತ್ಸವವಾಗಲಿ ಬೇಡ, ಸತ್ತವರ ಸ್ಮರಣೆ ನಡೆದರೆ ಸಾಕು ಎಂದು ಕೇಳಿದರು.